ನಗುವಿಗೆ ಬಿಟ್ಟ ಜಾಗ

ಅಕ್ಟೋಬರ್ 8, 1974, ಮಂಗಳವಾರ

ಇಂಗ್ಲೆಂಡಿನ ಹಲ್ ಊರಿಗೆ ಬಂದು ನಾಲ್ಕು ದಿನವಾಯಿತು. ಇಷ್ಟರಲ್ಲಿ ನಾನು ಬಾಯಿಬಿಟ್ಟು ಆಡಿದ್ದು ಹನ್ನೊಂದು ಮಾತು. ಅದರಲ್ಲಿ ಆರು 'ಕ್ಷಮಿಸಿ'. ಒಂದು 'ಕ್ಷಮಿಸಿ' ಬಾಗಿಲಿಗೇ ಹೇಳಿದ್ದು.

ಹನ್ನೊಂದು ವರ್ಷ ಹಾಸ್ಟೆಲ್ ಶಾಲೆಯಲ್ಲಿ ಬೆಳೆದವಳಿಗೆ ಮನೆ ಬಿಟ್ಟಿರುವುದು ಕಷ್ಟವಾಗಬಾರದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅಲ್ಲಿ ಏಳುವುದು, ತಿನ್ನುವುದು, ಮೀಯುವುದು ಎಲ್ಲದಕ್ಕೂ ಗಂಟೆ ಬಾರಿಸುತ್ತಿದ್ದರು. ಇಲ್ಲಿ ಯಾರೂ ಬಾರಿಸುವುದಿಲ್ಲ. ನಿನ್ನೆ ಮಧ್ಯಾಹ್ನ ಎರಡೂವರೆಗೆ ನನಗೆ ಹೊಳೆಯಿತು, ಊಟ ಮಾಡಿಲ್ಲ ಎಂದು.

ವಿಶ್ವವಿದ್ಯಾಲಯದ ವಸತಿ ತುಂಬಿದ್ದರಿಂದ ನನ್ನನ್ನು ಮಿಸ್ ಹೆಸ್ಟರ್ ಬ್ರಾಡ್ಲಿಯವರ ಮನೆಯ ಮಹಡಿ ಕೋಣೆಗೆ ಹಾಕಿದ್ದಾರೆ. ಅರವತ್ತರ ಮೇಲಿನ ಉದ್ದನೆಯ ಹೆಂಗಸು. ಎರಡು ಕಣ್ಣಿಗೂ ಪೊರೆ. ಚಹಾ ಸುರಿಯುವಾಗ ಬಟ್ಟಲಿನ ಅಂಚಿಗೆ ಬೆರಳಿಟ್ಟುಕೊಂಡು ಸುರಿಯುತ್ತಾರೆ. ಮೊದಲ ದಿನವೇ ಮನೆಯ ಕಾನೂನು ಹೇಳಿದರು: ಸ್ನಾನ ಮಂಗಳವಾರ, ಶುಕ್ರವಾರ, ಕೋಣೆಯಲ್ಲಿ ಏನನ್ನೂ ಹುರಿಯಬಾರದು, ಅಳುವುದಿದ್ದರೆ ಅಡುಗೆಮನೆಗೆ ಬಂದು ಅಳಬೇಕು, ಏಕೆಂದರೆ ಮೇಲಿನ ಕೋಣೆ ತಣ್ಣಗಿರುತ್ತದೆ.

ಕಾನ್ಸೆಟ್ಟ ಎಂಬ ನನ್ನ ಹೆಸರು ಎಲ್ಲಿಯದು ಎಂದು ಕೇಳಿದರು. ಅಪ್ಪ ಇಂಗ್ಲಿಷಿನವರು, ಹಡಗುಕಟ್ಟೆಯ ಎಂಜಿನಿಯರು, ಅಮ್ಮ ಮಾಲ್ಟಾದವಳು, ಇಬ್ಬರೂ ಈಗ ಅಲ್ಲೇ ಇದ್ದಾರೆ ಎಂದು ವಾಡಿಕೆಯ ಉತ್ತರ ಒಪ್ಪಿಸಿದೆ. ಶಾಲೆಯಲ್ಲಿ ನನ್ನನ್ನು 'ಅರೆಬೆಂದವಳು' ಅನ್ನುತ್ತಿದ್ದರು ಎಂದೂ ಬಾಯಿಗೆ ಬಂದುಬಿಟ್ಟಿತು. ಅದನ್ನೇಕೆ ಹೇಳಿದೆನೋ.

"ಪೂರ್ತಿ ಬೆಂದೋರನ್ನ ನಾನು ಬೇಕಾದಷ್ಟು ನೋಡಿದೀನಿ ಕಣೇ," ಎಂದರು. "ಏನೂ ರುಚಿ ಇರ್ಲಿಲ್ಲ."

ಅಕ್ಟೋಬರ್ 14, ಸೋಮವಾರ

ಆರು ಜನರ ಟ್ಯುಟೋರಿಯಲ್ಲಿನಲ್ಲಿ ಮೇಷ್ಟ್ರು ನನ್ನ ಅಭಿಪ್ರಾಯ ಕೇಳಿದರು. ಅಭಿಪ್ರಾಯ ಇತ್ತು, ಮೂರು ಹಾಳೆ ಬರೆದುಕೊಂಡೂ ಹೋಗಿದ್ದೆ. ಬಾಯಿ ತೆರೆದೆ. ಏನೂ ಹೊರಡಲಿಲ್ಲ. ಅವರು ಕಾದರು; ನಂತರ ತುಂಬ ದಯೆಯಿಂದ ಪಕ್ಕದವನ ಕಡೆ ತಿರುಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಪ್ಪನಿಗೆ ಕಾಗದ ಬರೆದೆ. ಕ್ರಿಸ್‌ಮಸ್ಸಿಗೆ ಬಂದವಳು ಮತ್ತೆ ಇಲ್ಲಿಗೆ ಬರಲಾರೆ, ಓದು ನನ್ನಿಂದಾಗದು ಎಂದು. ಮಡಚಿ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.

ಅಕ್ಟೋಬರ್ 16, ಬುಧವಾರ

ಬುಧವಾರ ಮಧ್ಯಾಹ್ನ ಪಾಠ ಇರುವುದಿಲ್ಲ, ಎಲ್ಲರೂ ಆಟದ ಬಯಲಿಗೆ ಹೋಗುತ್ತಾರೆ. ಆಡಲಾರದವರು ಸಿನಿಮಾ ಸಂಘಕ್ಕೆ ಹೋಗುತ್ತಾರೆ. ಹಳೆಯ ಹಾಲ್, ಮರದ ಕುರ್ಚಿ, ಹಿಂದುಗಡೆ ಗೂಡಿನಂಥ ಪ್ರೊಜೆಕ್ಟರ್ ಕೋಣೆ. ಈ ಟರ್ಮ್ ಪೂರ್ತಿ ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಈ ದೇಶದಲ್ಲಿ ತೆಗೆದ ಕಪ್ಪುಬಿಳುಪು ನಗೆಚಿತ್ರಗಳು.

ದೀಪ ಆರಿ, ಆ ಗೊರಗೊರ ಸಂಗೀತ ಶುರುವಾಗಿ, ಪರದೆಯ ಮೇಲೆ ಒಬ್ಬ ಕಳ್ಳ ಪಾದ್ರಿ ರೇಷನ್ ಪುಸ್ತಕಗಳನ್ನು ಹ್ಯಾಟಿನೊಳಗೆ ತುರುಕುತ್ತಿದ್ದಂತೆ ನನಗೆ ಶಾಲೆಯ ಊಟದ ಹಾಲಿನ ವಾಸನೆ ಬಂತು. ಎಲೆಕೋಸು, ಒದ್ದೆ ಉಣ್ಣೆ. ಶನಿವಾರ ಸಂಜೆ ಅಲ್ಲಿ ಬೆಂಚು ಸರಿಸಿ, ಗೋಡೆಗೆ ಹಾಸಿಗೆಯ ದುಪ್ಪಟಿ ಮೊಳೆ ಹೊಡೆದು, ಇಂಥವೇ ಸಿನಿಮಾ ತೋರಿಸುತ್ತಿದ್ದರು. ದುಪ್ಪಟಿಯ ನಡುವೆ ಹೊಲಿಗೆ. ನಾಯಕನ ಮೂಗು ಯಾವಾಗಲೂ ಹೊಲಿಗೆಯ ಮೇಲೆ ಬಂದು ಎರಡಾಗುತ್ತಿತ್ತು. ವಾರವಿಡೀ ನನ್ನ ಜಡೆ ಎಳೆಯುವ ಹುಡುಗಿಯರು, ವಾರವಿಡೀ ತುಟಿ ಬಿಗಿದಿರುವ ವಾರ್ಡನ್, ಎಲ್ಲರೂ ಒಂದೇ ಬಾಯಲ್ಲಿ ನಗುತ್ತಿದ್ದರು, ಅವರ ನಡುವೆ ನಾನೂ. ಆ ಒಂದೂವರೆ ಗಂಟೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ದುಪ್ಪಟಿಯ ಮೇಲೆ.

ಇವತ್ತೂ ನಕ್ಕೆ. ನಗುವಾಗ ಗಂಟಲು ನೋಯಿತು, ಬಹಳ ದಿನ ತೆರೆಯದ ನಲ್ಲಿಯ ಹಾಗೆ.

ಪ್ರೊಜೆಕ್ಟರ್ ನೋಡಿಕೊಳ್ಳುವವನು ಡೆರೆಕ್ ಮಾಸ್, ಎರಡನೆಯ ವರ್ಷದ ಕೆಮಿಸ್ಟ್ರಿ. ಮಂಗಳವಾರ ಒಮ್ಮೆ ಸಿನಿಮಾ ಓಡಿಸಿ ಪರೀಕ್ಷಿಸಲು, ರೀಲು ಹಿಂದಕ್ಕೆ ಸುತ್ತಲು, ಹರಿದರೆ ಅಂಟಿಸಲು ಅವನಿಗೆ ಒಬ್ಬರು ಬೇಕಂತೆ. ನಾನು ಮಾತಾಡುವುದಿಲ್ಲ ಎನ್ನುವುದೇ ನನ್ನ ಅರ್ಹತೆ. ಹಿಂದೆ ಇದ್ದವನು ಸಿನಿಮಾ ಓಡುತ್ತಿರುವಾಗ ಅದರ ಗುಣದೋಷ ಹೇಳುತ್ತಿದ್ದನಂತೆ.

ಅಕ್ಟೋಬರ್ 20, ಭಾನುವಾರ

ಪ್ರೊಜೆಕ್ಟರಿನ ಸುದ್ದಿ ಹೇಳಿದ್ದೇ ತಡ, ಮಿಸ್ ಬ್ರಾಡ್ಲಿ ಹಿಡಿದಿದ್ದ ಆಲೂಗಡ್ಡೆ ಕೆಳಗಿಟ್ಟರು. ಅವರು ಹದಿನೈದು ವರ್ಷ ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಎಡಿಟಿಂಗ್ ಕೋಣೆಯ ಸಹಾಯಕಿಯಾಗಿದ್ದರಂತೆ. ನಾನು ದುಪ್ಪಟಿಯ ಮೇಲೆ ನೋಡಿದ ಎಷ್ಟೋ ಸಿನಿಮಾ ಅವರ ಕೈಯಿಂದ ಹಾದುಹೋದವು.

ಅವರ ವಿಶೇಷ ಕೆಲಸ ನಗು ಅಳೆಯುವುದು. ಬಿಡುಗಡೆಗೆ ಮೊದಲು ಯಾವುದೋ ಬಡಾವಣೆಯ ಥಿಯೇಟರಿನಲ್ಲಿ ಸಿನಿಮಾ ಹಾಕುತ್ತಿದ್ದರು. ಇವರು ಹಿಂದಿನ ಸಾಲಿನಲ್ಲಿ ಸ್ಟಾಪ್‌ವಾಚ್ ಹಿಡಿದು, ಪ್ರತಿ ತಮಾಷೆಗೆ ಜನ ಎಷ್ಟು ಸೆಕೆಂಡು ನಕ್ಕರು ಎಂದು ಕತ್ತಲಲ್ಲೇ ಬರೆದುಕೊಳ್ಳಬೇಕು. ಮರುದಿನ ಎಡಿಟರ್ ಅಷ್ಟು ಸೆಕೆಂಡಿನ ಬಿಡುವು ತುಂಬುತ್ತಿದ್ದರು. ಯಾರಾದರೂ ಸುಮ್ಮನೆ ನೋಡುತ್ತ ನಿಂತಿರುವುದು, ಬಾಗಿಲು ನಿಧಾನ ಮುಚ್ಚುವುದು, ಏನೋ ಒಂದು.

"ನಗು ಎದ್ದು, ಕೂತು, ಕಣ್ಣೊರೆಸಿಕೊಳ್ಳೋಕೆ ಜಾಗ ಬಿಡ್ಬೇಕು," ಎಂದರು. "ಇಲ್ದಿದ್ರೆ ಮುಂದಿನ ಮಾತು ನಗೂಲಿ ಮುಳುಗಿ ಹೋಗತ್ತೆ."

ಹಾಗೆ ಬರೆದುಕೊಂಡ ಪುಸ್ತಕಗಳು ಇನ್ನೂ ಇವೆ. ನಾನು ಓದಿದೆ, ಅವರು ಕೇಳಿಸಿಕೊಂಡರು. 'ಏಣಿ: ಮೂರೂವರೆ. ಬಾಲ್ಕನಿ ತಡ.' 'ಮೀನು: ಐದು, ಒಬ್ಬ ಹೆಂಗಸು ಒಂಬತ್ತು.' ಆ ಒಂಬತ್ತು ಸೆಕೆಂಡಿನ ಹೆಂಗಸಿನ ಕಪ್ಪು ಕೋಟು ಅವರಿಗೆ ಇನ್ನೂ ನೆನಪಿದೆ.

ಥಿಯೇಟರಿನಲ್ಲಿ ಯಾರೂ ಇಲ್ಲದಿದ್ದರೆ ಆ ಜಾಗ ಏನಾಗುತ್ತದೆ ಎಂದು ಕೇಳಿದೆ.

"ಏನಾಗತ್ತೆ. ಕಾಯ್ತಾ ಇರತ್ತೆ."

ಅಕ್ಟೋಬರ್ 22, ಮಂಗಳವಾರ

ಮಿಸ್ ಬ್ರಾಡ್ಲಿ ಅದನ್ನು ಹೇಳಬಾರದಿತ್ತು.

ಇವತ್ತು ಖಾಲಿ ಹಾಲಿನಲ್ಲಿ ನಾನೊಬ್ಬಳೇ ನಾಳೆಯ ಸಿನಿಮಾ ಓಡಿಸಿದೆ. ಹಗಲು ಹನ್ನೊಂದು ಗಂಟೆ, ಕಿಟಕಿಗೆ ಕಪ್ಪು ಪರದೆ. ಒಬ್ಬ ಅಂಗಡಿಯವನು ಕೆಸರಿಗೆ ಬಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ನೋಡುತ್ತಲೇ ಇದ್ದಳು. ಅವಳು ನೋಡುತ್ತಿದ್ದುದು ಗಂಡನನ್ನಲ್ಲ, ನನ್ನನ್ನು, ನನ್ನ ಸುತ್ತಲಿನ ಇನ್ನೂರು ಕುರ್ಚಿಗಳನ್ನು. ಮೊದಲಾದರೆ ಇದು ಬರೀ ಸಿನಿಮಾದ ನಿಧಾನ ಎಂದುಕೊಳ್ಳುತ್ತಿದ್ದೆ. ಈಗ ಗೊತ್ತು, ಇದು ಅಳತೆಗೆ ಹೊಲಿದ ಅಂಗಿ. ಯಾರ ಮೈಯಳತೆಯೋ ಅವರಲ್ಲಿ ಮುಕ್ಕಾಲು ಪಾಲು ಸತ್ತಿರಬೇಕು.

ಶಬ್ದವೇನೂ ಕೇಳಲಿಲ್ಲ. ಆದರೆ ಯಾರೋ ಈಗತಾನೆ ಎದ್ದುಹೋದ ಕೋಣೆಗೆ ಕಾಲಿಟ್ಟಾಗ ಆಗುತ್ತದಲ್ಲ, ಹಾಗೆ. ಪ್ರತಿ ಬಿಡುವಿನಲ್ಲೂ ಮೂರೂವರೆ ಸೆಕೆಂಡು ಹಾಗೆ.

ಅಕ್ಟೋಬರ್ 28, ಸೋಮವಾರ

ಈಗ ಎಲ್ಲ ಕಡೆಯೂ ಆ ಜಾಗಗಳು ಕಾಣುತ್ತಿವೆ. ಟ್ಯುಟೋರಿಯಲ್ಲಿನಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ. ಬಸ್ಸು ನಿಂತು ಬಾಗಿಲು ತೆರೆಯುವ ನಡುವೆ. ಯಾರು ನಗಬೇಕಾಗಿತ್ತು ಅಲ್ಲಿ?

ನವೆಂಬರ್ 3, ಭಾನುವಾರ

ಮುಂದಿನ ವಾರಗಳ ಸಿನಿಮಾ ಪಟ್ಟಿಯನ್ನು ಓದಿ ಹೇಳುತ್ತಿದ್ದೆ. ಹದಿಮೂರನೇ ತಾರೀಖಿನದಕ್ಕೆ ಬಂದಾಗ ಮಿಸ್ ಬ್ರಾಡ್ಲಿ ನಿಲ್ಲಿಸು ಎಂದರು. ಇನ್ನೊಮ್ಮೆ ಓದಿಸಿದರು. ಎದ್ದು ಹೋಗಿ ಆಗಲೇ ತೊಳೆದಿಟ್ಟಿದ್ದ ತಟ್ಟೆಯನ್ನು ಮತ್ತೆ ತೊಳೆದರು.

ಆ ಸಿನಿಮಾದಲ್ಲಿ ಚರ್ಚಿನ ಗಂಟೆಯನ್ನು ಮಾರಿಬಿಡುತ್ತಾರೆಂದು ಮೂವರು ಮುದುಕಿಯರು ಅದನ್ನು ಕದ್ದು ಬಚ್ಚಲ ತೊಟ್ಟಿಯಲ್ಲಿ ಅಡಗಿಸುತ್ತಾರೆ. ಪೊಲೀಸಿನವನು ಬಾಗಿಲು ತೆರೆಯುವ ಹೊತ್ತಿಗೆ ಒಬ್ಬಳು ಹ್ಯಾಟು, ಕೋಟು ಸಮೇತ ತೊಟ್ಟಿಗೆ ಹತ್ತಿ ಗಂಟೆಯ ಮೇಲೆ ಕೂತಿರುತ್ತಾಳೆ. ಕೂತಕೂಡಲೇ ಅಡಿಯಿಂದ ಢಂ. ಪೊಲೀಸಿನವನು ನೋಡುತ್ತ ನಿಲ್ಲುತ್ತಾನೆ. ಆಮೇಲೆ ಟೋಪಿ ಮುಟ್ಟಿ ಹೇಳುತ್ತಾನೆ: "ಸ್ನಾನ ಮುಗಿಸ್ಕೊಳ್ಳಿ, ತಾಯಿ."

ಆ ಪೊಲೀಸಿನವನು ಅವರ ತಮ್ಮ ವಿಲ್ಫ್. ಹದಿನಾಲ್ಕು ವರ್ಷ ಚಿಕ್ಕವನು. ತಾಯಿ ಸತ್ತ ಮೇಲೆ ಇವರೇ ಸಾಕಿದ್ದು. ಸ್ಟುಡಿಯೋದಲ್ಲಿ ಗೋಗರೆದು ಆ ಪಾತ್ರ ಕೊಡಿಸಿದ್ದೂ ಇವರೇ. ಜೀವಮಾನದಲ್ಲಿ ಅವನು ಸಿನಿಮಾದಲ್ಲಿ ಆಡಿದ್ದು ಆ ಒಂದೇ ಮಾತು. ಎರಡು ವರ್ಷದ ನಂತರ ಸೈನ್ಯದಿಂದ ಕರೆ ಬಂದು ಕೊರಿಯಾಕ್ಕೆ ಹೋದವನು ಅಲ್ಲೇ ಮಣ್ಣಾದ. ಹೊರಟ ದಿನ ಇವರು ಸ್ಟೇಷನ್ನಿಗೆ ಹೋಗಿರಲಿಲ್ಲ, ಅವತ್ತು ಎಡಿಟಿಂಗ್ ಕೋಣೆಯಲ್ಲಿ ಕೆಲಸ ಬಹಳ ಇತ್ತು.

ಫೋಟೋ ಇವೆ, ಕಾಗದ ಇವೆ. ದನಿ ಇರುವುದು ಆ ಸಿನಿಮಾದಲ್ಲಿ ಮಾತ್ರ. ಒಮ್ಮೆ ಟಿವಿಯಲ್ಲಿ ಬಂದಿತ್ತಂತೆ. ಪಕ್ಕದ ಮನೆಯವರು ಹೇಳಿದ್ದು ಮುಗಿದ ಮೇಲೆ. ಅವನ ದನಿ ಕೇಳಿ ಇಪ್ಪತ್ತಮೂರು ವರ್ಷವಾಯಿತು.

"ಜನ ಗಂಟೆಗೆ ಏಳು ಸೆಕೆಂಡು ನಕ್ಕಿದ್ರು," ಎಂದರು. "ಎಡಿಟರ್ ಐದೇ ಸಾಕು ಅಂದ. ನಾನು ಜಗಳ ಮಾಡಿ ಏಳು ಕೊಡಿಸ್ದೆ. ಹುಡುಗನ ಮಾತು ಪೂರ್ತಿ ಕೇಳ್ಲಿ ಅಂತ."

ನೋಡಲಾಗದಿದ್ದರೂ ಬರುತ್ತಾರಂತೆ. ಮುಂದಿನ ಸಾಲಿನಲ್ಲಿ ಜಾಗ ಹಿಡಿದಿರುತ್ತೇನೆ ಎಂದೆ.

ನವೆಂಬರ್ 7, ಗುರುವಾರ

ತರಗತಿಗೆ ಹೋಗಲಿಲ್ಲ. ಅಪ್ಪನಿಗೆ ಬರೆದಿಟ್ಟ ಕಾಗದ ತೆಗೆದು ಓದಿದೆ. ಚೆನ್ನಾಗಿಯೇ ಬರೆದಿದ್ದೇನೆ.

ನವೆಂಬರ್ 12, ಮಂಗಳವಾರ

ಬರೆದುಬಿಡುತ್ತೇನೆ. ಯಾರಿಗೂ ಹೇಳುವಂಥದ್ದಲ್ಲ.

ಬಾಡಿಗೆಗೆ ತರಿಸಿದ ರೀಲಿನ ಡಬ್ಬ ನಿನ್ನೆ ರೈಲಿನಲ್ಲಿ ಬಂತು. ಶುಕ್ರವಾರ ಮಧ್ಯಾಹ್ನದ ರೈಲಿಗೆ ವಾಪಸು ಹೋಗಬೇಕು. ಡೆರೆಕ್‌ಗೆ ಲ್ಯಾಬ್ ಇತ್ತು, ನಾನೊಬ್ಬಳೇ ಓಡಿಸಿದೆ. ಗಂಟೆ ಢಂ ಎಂದಿತು. ಪೊಲೀಸಿನವನು ನಿಂತ. ತೆಳ್ಳಗಿನ ಮುಖ, ದೊಡ್ಡ ಟೋಪಿ. ನೋಡುತ್ತ ನಿಂತ. ಒಂದು, ಎರಡು, ಮೂರು. ಇವನು ಸತ್ತವನು ಎಂದು ನನಗೆ ಗೊತ್ತಿತ್ತು. ಇವನು ಯಾರ ನಗುವಿಗೆ ಕಾಯುತ್ತಿದ್ದಾನೋ ಅವರೂ ಸತ್ತವರು. ಎಲ್ಲ ಬಿಟ್ಟು ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಾನೆ. ಅಷ್ಟರಲ್ಲಿ ಯಂತ್ರ ಟಕಟಕ ಎಂದಿತು. ಆರಿಸಿದೆ. ಫಿಲ್ಮಿನ ಅಂಚಿನ ತೂತುಗಳು ಹರಿದಿದ್ದವು.

ಹರಿದದ್ದು ಏಳು ಫ್ರೇಮ್. ಎರಡು ಅಂಗುಲ ಕತ್ತರಿಸಿ ಅಂಟಿಸಿದರೆ ಸಾಕಿತ್ತು. ನಾನು ಎರಡೂವರೆ ಅಡಿ ಕತ್ತರಿಸಿದೆ. ನಾಲ್ಕು ಸೆಕೆಂಡು. ಬೆಳಕಿಗೆ ಹಿಡಿದು ಒಂದೊಂದೇ ಫ್ರೇಮ್ ನೋಡಿ, ಅವನ ತುಟಿ ಇನ್ನೇನು ತೆರೆಯಬೇಕು ಎನ್ನುವಲ್ಲಿ ನಿಲ್ಲಿಸಿದೆ. ಒಂದು ಅಕ್ಷರವನ್ನೂ ಮುಟ್ಟಿಲ್ಲ, ಬರೀ ಮೌನ. ಹರಿದಿತ್ತು ಎಂದರೆ ಯಾರೂ ಕೇಳುವುದಿಲ್ಲ. ತುಂಡನ್ನು ಕಸದ ಬುಟ್ಟಿಗೆ ಹಾಕಿ ಬಂದೆ. ಅಂಟಿಸಿದ ಮೇಲೆ ಮತ್ತೆ ಓಡಿಸಿ ನೋಡಬೇಕಾಗಿತ್ತು. ಧೈರ್ಯ ಬರಲಿಲ್ಲ.

ಇಡೀ ದಿನ ಹಗುರವಾಗಿದ್ದೆ. ರಾತ್ರಿ ಊಟಕ್ಕೆ ಎರಡು ಸಲ ಬಡಿಸಿಕೊಂಡೆ.

ನವೆಂಬರ್ 13, ಬುಧವಾರ

ಮಿಸ್ ಬ್ರಾಡ್ಲಿ ಹಸಿರು ಹ್ಯಾಟು ಹಾಕಿಕೊಂಡಿದ್ದರು. ಮುಂದಿನ ಸಾಲಿನಲ್ಲಿ ಕೂರಿಸಿ ಪ್ರೊಜೆಕ್ಟರ್ ಕೋಣೆಗೆ ಬಂದೆ. ಹಾಲಿನಲ್ಲಿ ಎಪ್ಪತ್ತು ಜನ.

ಢಂ ಎಂದಿತು. ಹಾಲ್ ಬಿದ್ದು ಬಿದ್ದು ನಕ್ಕಿತು. ಪೊಲೀಸಿನವನು ನಿಂತ, ಸ್ವಲ್ಪ ಜಿಗಿದಂತೆ ಕಂಡ, ಕೈ ಆಗಲೇ ಟೋಪಿಯ ಮೇಲಿತ್ತು, ಬಾಯಿ ತೆರೆದ.

ದನಿ ಬರಲಿಲ್ಲ.

ಜನ ಇನ್ನೂ ನಗುತ್ತಿದ್ದರು, ಅವರಿಗೆ ಗೊತ್ತಾಗಲಿಲ್ಲ. ನನ್ನ ತಲೆಯ ಮೇಲೇ ಸಣ್ಣ ಸ್ಪೀಕರು ಇದೆ, ಅದರಲ್ಲಿ ಫಿಲ್ಮಿನ ಸರಸರ ಮಾತ್ರ. ತುಟಿ ಆಡಿತು, ಪೂರ್ತಿ ಆಡಿತು, ಮುಚ್ಚಿತು. ಒಂದು ಅಕ್ಷರವನ್ನೂ ನಾನು ಕತ್ತರಿಸಿರಲಿಲ್ಲ. ಮುಂದಿನ ಮಾತು, ಮುದುಕಿಯ 'ಬಾಗಿಲು ಹಾಕ್ಕೊಂಡು ಹೋಗಪ್ಪ', ಸರಿಯಾಗಿ ಕೇಳಿತು. ಅವನದು ಮಾತ್ರ ಇಲ್ಲ.

ಮುಂದಿನ ಸಾಲಿನಲ್ಲಿ ಹಸಿರು ಹ್ಯಾಟು ಮುಂದಕ್ಕೆ ಬಾಗಿತ್ತು. ಕಿವಿಯ ಹಿಂದೆ ಕೈ. ಸಿನಿಮಾ ಮುಗಿಯುವ ತನಕ ಆ ಕೈ ಇಳಿಯಲಿಲ್ಲ.

ಮನೆಗೆ ಬಂದು ಕೋಟು ತೆಗೆಯದೆಯೇ ಕೂತರು. "ಕಣ್ಣು ಹೋಗೋದು ಗೊತ್ತಿತ್ತು. ಕಿವೀನೂ ಹೋಯ್ತು," ಎಂದರು. ಹ್ಯಾಟು ತೆಗೆದು ಮೇಜಿನ ಮೇಲಿಟ್ಟು, "ಇಲ್ಲ, ಬೇರೆಯೋರದೆಲ್ಲ ಕೇಳಿಸ್ತು. ಅವನಿಗೇ ನನ್ನ ಹತ್ರ ಮಾತಾಡೋದು ಬೇಡವೇನೋ. ಸ್ಟೇಷನ್ನಿಗೆ ಬರಲಿಲ್ಲ ಅಂತ."

ನಾನು ಸುಮ್ಮನಿದ್ದೆ. ಕತ್ತರಿಸಿದ್ದು ನಾನೇ ಎನ್ನದೆ ಮಹಡಿ ಹತ್ತಿ ಬಂದುಬಿಟ್ಟೆ.

ನವೆಂಬರ್ 14, ಗುರುವಾರ

ಬೆಳಿಗ್ಗೆ ಅವರು ಟೋಸ್ಟು ಕೆರೆಯುತ್ತಿದ್ದಾಗ ಬೆನ್ನಿಗೆ ಹೇಳಿದೆ. ಫಿಲ್ಮ್ ಹರಿದಿತ್ತು, ಬೇಕಾದದ್ದಕ್ಕಿಂತ ಹೆಚ್ಚು ಕತ್ತರಿಸಿದೆ, ಆ ಮುಖ ನೋಡಲಾಗಲಿಲ್ಲ. ಆದರೆ ಮೌನವನ್ನಷ್ಟೇ ಕತ್ತರಿಸಿದ್ದು, ದೇವರಾಣೆ, ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅವರು ಚಾಕು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ.

"ಇಪ್ಪತ್ತಾರು ಫ್ರೇಮ್," ಎಂದರು. "ನಿಂಗೆ ಯಾರೂ ಹೇಳ್ಲಿಲ್ವೇನೇ?"

ಬೆಣ್ಣೆಯ ಚಾಕುವಿನಲ್ಲಿ ಮೇಜಿನ ಮೇಲೆ ಗೀಚಿ ತೋರಿಸಿದರು. ಯಂತ್ರದಲ್ಲಿ ಚಿತ್ರ ಓದುವ ದೀಪ ಒಂದು ಕಡೆ, ದನಿ ಓದುವ ದೀಪ ಇನ್ನೊಂದು ಕಡೆ. ಅದಕ್ಕೆ ಪ್ರತಿ ಚಿತ್ರದ ದನಿಯನ್ನು ಇಪ್ಪತ್ತಾರು ಫ್ರೇಮ್ ಮುಂಚೆಯೇ, ಅಂದರೆ ಒಂದು ಸೆಕೆಂಡು ಮೊದಲೇ, ಅಂಚಿನಲ್ಲಿ ಅಚ್ಚು ಹಾಕಿರುತ್ತಾರೆ. ಬಾಯಿ ಮುಚ್ಚಿ ನಿಂತ ಪೊಲೀಸಿನವನ ಪಕ್ಕದಲ್ಲೇ ಅವನ ಮಾತು ಇತ್ತು. ನಾನು ಚಿತ್ರ ನೋಡಿ ಮೌನ ಎಂದು ಕತ್ತರಿಸಿದ್ದರಲ್ಲಿ ಆ ಮಾತು ಪೂರ್ತಿ ಹೋಯಿತು.

"ಎಲ್ಲಿದೆ ತುಂಡು?"

ಹಾಲಿಗೆ ಹೋಗಿ ನೋಡಿದರೆ ಕಸದ ಬುಟ್ಟಿ ಖಾಲಿಯಾಗಿತ್ತು. ಹಾಲನ್ನು ಗುಡಿಸುವ ಮಿಸೆಸ್ ಡಗಲ್‌ಬಿ ಕಸವನ್ನೆಲ್ಲ ಬಾಯ್ಲರಿಗೆ ಹಾಕುತ್ತಾರೆ ಎಂದು ಡೆರೆಕ್ ಹೇಳಿದ. ನಾನು ಬಾಯ್ಲರ್ ಮನೆಗೆ ಓಡಿದೆ. ಓಡಿದ್ದು ಎಂದರೆ ನಿಜವಾಗಿಯೂ ಓಡಿದ್ದು, ವಾಚನಾಲಯದ ಮುಂದೆ, ಎಲ್ಲರ ಎದುರು. ಕಸದ ಚೀಲಕ್ಕೆ ಕೈ ಹಾಕಿದ್ದ ನನ್ನನ್ನು ಮಿಸೆಸ್ ಡಗಲ್‌ಬಿ ಪೊರಕೆಯ ಹಿಡಿಯಿಂದ ತಿವಿದರು. ಏನು ಕಳೆದಿದೆ ಎಂದು ಕೇಳಿದರು. ಹೇಳಿದೆ.

"ಫಿಲ್ಮನ್ನ ಬೆಂಕಿಗೆ ಹಾಕೋಕೆ ನಂಗೇನು ತಲೆ ಕೆಟ್ಟಿದ್ಯಾ?" ಎಂದರು.

ಹುಡುಗಿಯಾಗಿದ್ದಾಗ ಅವರು ಥಿಯೇಟರಿನಲ್ಲಿ ಟಾರ್ಚು ಹಿಡಿದು ಜಾಗ ತೋರಿಸುವ ಕೆಲಸದಲ್ಲಿದ್ದರಂತೆ. ಆಗಿನ ಫಿಲ್ಮ್ ಮದ್ದಿನ ಹಾಗೆ ಭಗ್ಗೆಂದು ಉರಿಯುತ್ತಿತ್ತು. ತುಂಡು ಸಿಕ್ಕರೆ ನೀರಿನ ಡಬ್ಬಕ್ಕೆ ಹಾಕಬೇಕು ಎಂಬುದು ಕಟ್ಟುನಿಟ್ಟು. ಈಗಿನದು ಹಾಗೆ ಉರಿಯುವುದಿಲ್ಲ ಎಂದು ಡೆರೆಕ್ ನೂರು ಸಲ ಹೇಳಿದ್ದಾನಂತೆ. ಇವರು ಕೇಳಿಲ್ಲ. ಪೊರಕೆ ಇಡುವ ಗೂಡಿನಲ್ಲಿ ಒಂದು ಬಿಸ್ಕತ್ ಡಬ್ಬ, ಅರ್ಧ ನೀರು, ಅದರೊಳಗೆ ಹಾವಿನ ಮರಿಗಳಂತೆ ಇಡೀ ಟರ್ಮಿನ ತುಂಡುಗಳು. ಒಂದೊಂದನ್ನೇ ಎತ್ತಿ ಕಿಟಕಿಗೆ ಹಿಡಿದೆ. ಒಂಬತ್ತನೆಯದರಲ್ಲಿ ದೊಡ್ಡ ಟೋಪಿ ಕಂಡಿತು. ನೀರು ತೊಟ್ಟಿಕ್ಕುತ್ತ ನನ್ನನ್ನೇ ನೋಡುತ್ತಿದ್ದ.

ಮಧ್ಯಾಹ್ನ ಮಿಸ್ ಬ್ರಾಡ್ಲಿಯನ್ನು ಪ್ರೊಜೆಕ್ಟರ್ ಕೋಣೆಗೆ ಕರೆತಂದೆ. ಡೆರೆಕ್ ತಕರಾರು ತೆಗೆದ. ಹರಿದ ತೂತು ಮತ್ತೆ ಸೇರಿಸಿದರೆ ಇಡೀ ಪ್ರಿಂಟ್ ಚಿಂದಿಯಾಗುತ್ತದೆ, ಬಾಡಿಗೆಗೆ ಕೊಟ್ಟವರು ಸಂಘವನ್ನೇ ಮುಚ್ಚಿಸುತ್ತಾರೆ, ಈ ಅಜ್ಜಿ ಯಾರು. ಕತ್ತರಿಸಿದ್ದು ನಾನು, ಅಂಟಿಸುವುದೂ ನಾನೇ, ಅವರಿಗೆ ಕಾಗದ ಬರೆಯುವುದೂ ನಾನೇ, ನೀನು ಆ ಸ್ಟೂಲಿನಿಂದ ಏಳು ಎಂದೆ. ಎದ್ದ.

ಮಿಸ್ ಬ್ರಾಡ್ಲಿಗೆ ಕಣ್ಣು ಬೇಕಾಗಲೇ ಇಲ್ಲ. ಫಿಲ್ಮನ್ನು ತುಟಿಗೆ ತಾಗಿಸಿ ಯಾವುದು ಒರಟು ಬದಿ ಎಂದು ಹೇಳಿದರು. ನಾನು ಹೆರೆದೆ, ಅವರು ಅಂಟು ಸವರಿದರು, ನಾನು ಒತ್ತಿ ಹಿಡಿದೆ. ಹರಿದ ತೂತುಗಳಿಗೆ ತೆಳುವಾದ ಟೇಪು. ಎರಡು ಓಟ ತಡೆಯುತ್ತದೆ, ಮೂರನೆಯದು ಹೇಳಲಾಗದು ಎಂದರು.

ಅಂಟು ಒಣಗುವ ತನಕ ವಿಲ್ಫ್ ವಿಷಯ ಹೇಳಿದರು. ಮನೆಯಲ್ಲಿ ದಿನಾ ಮಾತಾಡುತ್ತಾರಂತೆ ಅವನ ಜೊತೆ, ಅವನು ಉತ್ತರ ಕೊಡುತ್ತಾನಂತೆ. ಗ್ಯಾಸಿನವನು ಬಂದರೆ, ಬಾಡಿಗೆಗೆ ಯಾರನ್ನು ಸೇರಿಸಿಕೊಳ್ಳಬೇಕೆಂದರೆ, ಎಲ್ಲ ಅವನನ್ನೇ ಕೇಳುವುದು. ನನ್ನನ್ನು ಬೇಡ ಎಂದಿದ್ದನಂತೆ.

"ಅರ್ಧ ದಿನ ವಾದ ಮಾಡಿದ್ವಿ ನಿನ್ನ ದೆಸೆಯಿಂದ. ಅವನ ದನಿ ಈಗೀಗ ಗಡುಸಾಗಿದೆ. ವಯಸ್ಸಾಯ್ತಲ್ಲ. ಆ ಸಿಗರೇಟು ಬೇರೆ."

ತಮಾಷೆಗೆ ಹೇಳಿದರೋ ಇಲ್ಲವೋ ತಿಳಿಯಲಿಲ್ಲ. ನಗಲು ಜಾಗ ಬಿಟ್ಟಿರಲಿಲ್ಲ ಅವರು.

ನವೆಂಬರ್ 15, ಶುಕ್ರವಾರ

ಬೆಳಿಗ್ಗೆ ಒಂಬತ್ತಕ್ಕೆ ಹಾಲ್ ಖಾಲಿಯಿತ್ತು. ಖಾಲಿ ಹಾಲಿನಲ್ಲಿ ಬೇಡ ಎಂದು ಮಿಸ್ ಬ್ರಾಡ್ಲಿ ಹಟ ಹಿಡಿದರು. ಮಿಸೆಸ್ ಡಗಲ್‌ಬಿಯನ್ನೂ ಅವರ ಜೊತೆ ಗುಡಿಸುವ ಇಬ್ಬರನ್ನೂ ಕರೆದೆ. ಕ್ಯಾಂಟೀನಿಗೆ ಹೋಗಿ ಅಲ್ಲಿ ಚಹಾ ಕುಡಿಯುತ್ತಿದ್ದ ಐದಾರು ಜನಕ್ಕೆ ಹತ್ತು ನಿಮಿಷ ಬನ್ನಿ ಎಂದೆ. ಬಂದರು. ಡೆರೆಕ್ ಯಂತ್ರದ ಹತ್ತಿರ ನಿಂತ. ಸುಮ್ಮಸುಮ್ಮನೆ ಯಾರೂ ನಗಕೂಡದು, ಕಳ್ಳ ನಗುವನ್ನು ನಾನು ಗುರುತು ಹಿಡಿಯುತ್ತೇನೆ ಎಂದು ಮಿಸ್ ಬ್ರಾಡ್ಲಿ ಮೊದಲೇ ಎಚ್ಚರಿಸಿದ್ದರು. ನಾನು ಅವರ ಪಕ್ಕ ಕೂತೆ.

ಮುದುಕಿ ತೊಟ್ಟಿಗೆ ಹತ್ತಿದಳು. ಢಂ. ಮಿಸೆಸ್ ಡಗಲ್‌ಬಿ ಕೊಕ್ಕೋ ಎಂದು ಶುರು ಮಾಡಿದರು, ಆ ಸದ್ದಿಗೆ ಉಳಿದವರು. ಪೊಲೀಸಿನವನು ನಿಂತು ನೋಡಿದ. ಯಂತ್ರ ಒಮ್ಮೆ ಟಕಟಕ ಎಂದಿತು, ದಾಟಿತು. ನಗು ಏರಿತು, ಇಳಿಯಿತು, ಯಾರೋ ಮೂಗು ಸೀಟಿದರು, ಹಾಲ್ ಸುಮ್ಮನಾಯಿತು. ಆಗ ಟೋಪಿ ಮುಟ್ಟಿದ.

"ಸ್ನಾನ ಮುಗಿಸ್ಕೊಳ್ಳಿ, ತಾಯಿ."

ಸಣ್ಣ ದನಿ. ಮೂಗಿನಲ್ಲಿ ಸ್ವಲ್ಪ, ಕೊನೆಯಲ್ಲಿ ಸ್ವಲ್ಪ ಒಡೆದಂತೆ. ಸರಿಯಾಗಿ ಹೇಳಬೇಕು ಎನ್ನುವ ಭಯ ಅದರಲ್ಲಿ ಕೇಳುತ್ತಿತ್ತು. ಜನ ಮತ್ತೆ ನಕ್ಕರು. ಮಿಸ್ ಬ್ರಾಡ್ಲಿ ನಗಲಿಲ್ಲ.

"ಇನ್ನೊಂದ್ಸಲ."

ಇನ್ನೊಂದು ಸಲ ಹಾಕಿದೆವು. ಮೂರನೆಯ ಸಲ ಕೇಳಲಿಲ್ಲ ಅವರು. ಸಾಕು ಎಂದು ಎದ್ದು ಕೋಟಿನ ಗುಂಡಿ ಹಾಕಿಕೊಂಡರು, ಒಂದು ಗುಂಡಿ ತಪ್ಪಾಗಿ. ರೀಲನ್ನು ಡಬ್ಬಕ್ಕೆ ಹಾಕಿದೆ, ಹರಿದದ್ದೂ ಕತ್ತರಿಸಿದ್ದೂ ನನ್ನ ಕೈಯಿಂದ ಎಂದು ಚೀಟಿಯನ್ನೂ ಬರೆದು ಜೊತೆಗಿಟ್ಟೆ. ಡೆರೆಕ್ ಸ್ಟೇಷನ್ನಿಗೆ ಒಯ್ದ.

ದಾರಿಯುದ್ದಕ್ಕೂ ಮಿಸ್ ಬ್ರಾಡ್ಲಿ ನನ್ನ ತೋಳು ಹಿಡಿದು ನಡೆದರು. ಮೀನಿನ ಲಾರಿಗಳು ಹೋಗುತ್ತಿದ್ದವು. ಬೀದಿ ದಾಟುವಾಗ ಹೇಳಿದರು, "ಹುಡುಗ ಕಣೇ ಅವನು. ನಿನಗಿಂತ ಮೂರ್ನಾಕು ವರ್ಷ ದೊಡ್ಡೋನು, ಅಷ್ಟೇ." ನಾನು ಹೂಂ ಎಂದೆ.

ಬಾಗಿಲ ಮುಂದೆ ಬೀಗದ ಕೈ ತೆಗೆದು, ಬೀಗದ ಕಣ್ಣನ್ನು ಬೆರಳಿನಿಂದ ಹುಡುಕಿ, ತಿರುಗಿಸಿ, ಅಲ್ಲೇ ನಿಂತರು. ಬಾಗಿಲು ಅರ್ಧ ತೆರೆದಿತ್ತು. ಹನ್ನೊಂದು ಗಂಟೆಯ ಬಿಸಿಲು ಹಜಾರದ ಚಾಪೆಯ ತನಕ ಬಿದ್ದಿತ್ತು. ಅದರಾಚೆ ಅಡುಗೆಮನೆಯ ಬಾಗಿಲು.

"ಮನೇಲಿ ಕೇಳೋದು ಆ ದನಿ ಅಲ್ಲವೇ ಅಲ್ಲ ಕಣೇ," ಎಂದರು, ತುಂಬ ಮೆಲ್ಲಗೆ, ಒಳಗಿನವರಿಗೆ ಕೇಳಿಸಬಾರದು ಎನ್ನುವ ಹಾಗೆ. "ಇಷ್ಟು ವರ್ಷ ಇಲ್ಲಿ ನಾನು ಯಾರ ಜೊತೆ ಮಾತಾಡ್ತಿದ್ದೆ?"

ಅವರ ಕೈ ನನ್ನ ತೋಳನ್ನು ಬಿಡಲಿಲ್ಲ, ಕಾಲು ಹೊಸ್ತಿಲು ದಾಟಲಿಲ್ಲ.

"ನೀನು ಮೊದಲು ಹೋಗು," ಎಂದರು.

ಹೋದೆ. ಹಜಾರದಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಎರಡು ಕುರ್ಚಿ. ಒಂದು ಮೇಜಿನಿಂದ ಹಿಂದಕ್ಕೆ ಎಳೆದಿತ್ತು, ಯಾರೋ ಕೂತು ಎದ್ದಂತೆ. ನಾನೇ ಬೆಳಿಗ್ಗೆ ಹಾಗೆ ಬಿಟ್ಟಿರಬೇಕು. ಅದರ ಮೇಲೆ ಕೂತುಕೊಂಡೆ. ಅಲ್ಲಿಂದಲೇ ಬನ್ನಿ ಎಂದು ಜೋರಾಗಿ ಕರೆದೆ. ಸ್ವಲ್ಪ ಹೊತ್ತಾದ ಮೇಲೆ ಗೋಡೆ ಸವರಿಕೊಂಡು ಬರುವ ಸದ್ದು ಕೇಳಿಸಿತು. ಎದ್ದು ಕೆಟಲಿಗೆ ನೀರು ತುಂಬಿ ಒಲೆಯ ಮೇಲಿಟ್ಟೆ.

ಸೋಮವಾರದ ಟ್ಯುಟೋರಿಯಲ್ಲಿಗೆ ಪ್ರಬಂಧ ಇನ್ನೂ ಎರಡು ಪುಟ ಬಾಕಿಯಿದೆ. ಕೆಳಗೇ ಕೂತು ಬರಿ, ಜೋರಾಗಿ ಓದುತ್ತ ಬರಿ ಎಂದು ಅವರು ಹೇಳಿದ್ದಾರೆ. ಇದನ್ನು ಮುಗಿಸಿ ಅದನ್ನು ಹಿಡಿಯಬೇಕು.